53-ಎನ್ ಸೀಸೆ: ಪ್ಲೇಗಿನ ಲಸಿಕೆಯೂ ಒಂದು ತಪ್ಪು ತೀರ್ಪೂ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯಿಂದ ಕಾಯಿಲೆಯವರನ್ನು ಕರೆದುಕೊಂಡು ಮುಂಬಯಿಯ ಟಾಟಾ ಆಸ್ಪತ್ರೆಗೋ ಕೆ.ಇ.ಎಂ. ಆಸ್ಪತ್ರೆಗೋ ಹೋಗಿಬಂದ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವೆರಡೂ ಇರುವ ಪರೇಲಿನ ಆಚಾರ್ಯ ದೋಂದೆ ಮಾರ್ಗದಲ್ಲಿ ಮರಗಳ ಮರೆಯಲ್ಲಿ ಇನ್ನೊಂದು ಹಳೆಯ ಕಟ್ಟಡವಿದೆ. ಒಂದು ಕಾಲಕ್ಕೆ ಅದು ಮುಂಬಯಿ ಗವರ್ನರರ ನಿವಾಸವಾಗಿತ್ತು. ಈಗ ಅದರ ಹೆಸರು ಹಾಫ್ಕಿನ್ ಸಂಸ್ಥೆ. ನಮ್ಮ ಮಕ್ಕಳ ನಾಲಗೆಯ ಮೇಲೆ ಬಿದ್ದ ಪೋಲಿಯೊ ಹನಿಗಳಲ್ಲಿ ಎಷ್ಟೋ ಹನಿಗಳು ಇದೇ ಆವರಣದಿಂದ ಬಂದವು. ಹಾಫ್ಕಿನ್ ಎಂಬುದು ಊರಿನ ಹೆಸರಲ್ಲ, ಔಷಧದ ಹೆಸರೂ ಅಲ್ಲ. ಅದು ಒಬ್ಬ ಮನುಷ್ಯನ ಹೆಸರು. ಸರ್ಕಾರ ಆ ಮನುಷ್ಯನನ್ನು ಮೊದಲು ಇದೇ ಕಟ್ಟಡದ ಮುಖ್ಯಸ್ಥನ ಕುರ್ಚಿಯ ಮೇಲೆ ಕೂರಿಸಿತು. ಬಳಿಕ ಹತ್ತೊಂಬತ್ತು ಜನರ ಸಾವಿನ ಹೊಣೆಯನ್ನು ಅವರ ತಲೆಗೆ ಕಟ್ಟಿ ಅದೇ ಕುರ್ಚಿಯಿಂದ ಇಳಿಸಿತು. ಹೊಣೆ ಅವರದಲ್ಲವೆಂದು ತೀರ್ಮಾನವಾಗಲು ಐದು ವರ್ಷ ಹಿಡಿಯಿತು.

ಸಾಂಕ್ರಾಮಿಕ ರೋಗಗಳನ್ನು ಮನುಷ್ಯ ಗೆದ್ದ ಕಥೆಯನ್ನು ಶಾಲಾ ಪಠ್ಯಗಳು ಬಹುಮಟ್ಟಿಗೆ ಹೆಸರುಗಳ ಸಾಲಾಗಿ ಹೇಳುತ್ತವೆ. 1796ರಲ್ಲಿ ಜೆನ್ನರ್ ಸಿಡುಬಿಗೆ ಲಸಿಕೆ ಕಂಡುಹಿಡಿದರು, 1885ರಲ್ಲಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಮದ್ದು ಕೊಟ್ಟರು, ಕಾಕ್ ಕ್ಷಯದ ಮತ್ತು ಕಾಲರಾದ ರೋಗಾಣುಗಳನ್ನು ತೋರಿಸಿಕೊಟ್ಟರು. ಇವು ಸುಳ್ಳಲ್ಲ. ಆದರೆ ‘ಕಂಡುಹಿಡಿದರು’ ಎಂಬ ಒಂದೇ ಪದದ ಹಿಂದೆ ಬೇರೊಂದು ಕೆಲಸ ಅಡಗಿದೆ. ಈ ಮದ್ದಿನಿಂದಲೇ ಇವನು ಬದುಕಿದನು, ಮದ್ದು ಇಲ್ಲದಿದ್ದರೆ ಬದುಕುತ್ತಿರಲಿಲ್ಲ ಎಂದು ರುಜುವಾತು ಮಾಡುವುದು ಹೇಗೆ? ಮದ್ದು ಕೊಟ್ಟಮೇಲೆ ಒಬ್ಬನು ಸತ್ತರೆ, ಮದ್ದಿನಿಂದಲೇ ಸತ್ತನೆಂದು ಹೇಳುವುದು ಹೇಗೆ? ನ್ಯಾಯಾಲಯವೂ ಪ್ರಯೋಗಶಾಲೆಯೂ ಕೇಳುವುದು ಒಂದೇ ಪ್ರಶ್ನೆ. ಹಾಫ್ಕಿನ್ನರ ಬದುಕಿನಲ್ಲಿ ಈ ಎರಡೂ ಕಟಕಟೆಗಳು ಎದುರುಬದುರಾಗಿ ನಿಂತವು.

ವಾಲ್ಡೆಮಾರ್ ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಒಡೆಸ್ಸಾ ಪಟ್ಟಣದ ಯಹೂದಿ ಮನೆತನವೊಂದರಲ್ಲಿ. ಓದಿದ್ದು ಪ್ರಾಣಿಶಾಸ್ತ್ರ; ವೈದ್ಯಕೀಯವಲ್ಲ. ಈ ಸಂಗತಿಯನ್ನು ಭಾರತದಲ್ಲಿದ್ದ ಆಂಗ್ಲ ವೈದ್ಯಾಧಿಕಾರಿಗಳು ಕೊನೆಯವರೆಗೂ ಮರೆಯಲಿಲ್ಲ, ಅವರಿಗೂ ಮರೆಯಗೊಡಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಮೊದಲು ದೊರೆತದ್ದು ಗ್ರಂಥಾಲಯದ ಸಹಾಯಕನ ಕೆಲಸ. ಪುಸ್ತಕ ಜೋಡಿಸಿ ಉಳಿದ ವೇಳೆಯಲ್ಲಿ ಕಾಲರಾ ರೋಗಾಣುಗಳನ್ನು ಬೆಳೆಸಿ, ಅವುಗಳಿಂದ ಲಸಿಕೆಯೊಂದನ್ನು ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಕಾಲರಾದ ತವರೆನಿಸಿದ್ದ ಬಂಗಾಳಕ್ಕೆ ಬಂದರು.

ಕಲ್ಕತ್ತೆಯ ಕೊಳೆಗೇರಿಗಳಲ್ಲಿ ಅವರು ಒಂದು ವಿಧಾನವನ್ನು ಕಂಡುಕೊಂಡರು. 1894ರಲ್ಲಿ ಕಾಟಾಲ್ ಬಾಗಾನ್ ಎಂಬ ಕೇರಿಯಲ್ಲಿ ಕಾಲರಾ ಕಾಣಿಸಿಕೊಂಡಾಗ, ಅಲ್ಲಿದ್ದ ಸುಮಾರು 200 ಮಂದಿಯಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಅನಂತರ ಆ ಕೇರಿಯಲ್ಲಿ ರೋಗಕ್ಕೆ ಸಿಕ್ಕಿದವರೆಲ್ಲ ಚುಚ್ಚಿಸಿಕೊಳ್ಳದವರೇ. ಕೇರಿ ಅದೇ, ಕೆರೆಯ ನೀರು ಅದೇ, ಬಡತನವೂ ಅದೇ. ವ್ಯತ್ಯಾಸ ಮಾತ್ರ ಒಂದು. ಸಾಕ್ಷ್ಯವೆಂದರೆ ಇಂಥದ್ದು ಎಂಬುದು ಅವರಿಗೆ ಅಲ್ಲಿ ಮನವರಿಕೆಯಾಯಿತು.

ತುಪ್ಪದ ಹನಿಗಳ ಕೆಳಗೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಬಳಿ ಜ್ವರವೂ ತೊಡೆಸಂದಿಯಲ್ಲಿ ಗೆಡ್ಡೆಯೂ ಕಾಣಿಸಿಕೊಂಡ ರೋಗಿಗಳನ್ನು ಪರೀಕ್ಷಿಸಿದ ಗೋವೆಯ ಮೂಲದ ವೈದ್ಯ ಅಕಾಸಿಯೊ ವಿಯೇಗಸ್, ಇದು ಪ್ಲೇಗು ಎಂದು ಬಾಯಿಬಿಟ್ಟು ಹೇಳಿದರು. ರೋಗದ ಮೂಲವಾದ ಸೂಕ್ಷ್ಮಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ಎರಡು ವರ್ಷ ಮುಂಚೆಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಶತ್ರು ಯಾರೆಂದು ತಿಳಿದಿತ್ತು, ಅವನನ್ನು ತಡೆಯುವ ಬಗೆ ತಿಳಿದಿರಲಿಲ್ಲ. ಸರ್ಕಾರ ಹಾಫ್ಕಿನ್ನರನ್ನು ಕಲ್ಕತ್ತೆಯಿಂದ ಕರೆಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಅದರ ಮುಂದಿನ ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಪ್ಲೇಗಿನ ಮೇಲೆ ಸಾರಿದ ಯುದ್ಧಕ್ಕೆ ಸಿಕ್ಕ ಸೈನ್ಯ ಇಷ್ಟೇ.

ಅವರು ಮಾಡಿದ ಕೆಲಸವನ್ನು ಅಡುಗೆಮನೆ ಬಲ್ಲ ಯಾರಾದರೂ ಅರ್ಥಮಾಡಿಕೊಳ್ಳಬಹುದು. ಹಸುವಿನ ಮಾಂಸವೂ ಹಂದಿಯ ಮಾಂಸವೂ ಈ ನಾಡಿನ ಜನಕ್ಕೆ ಆಗದೆಂದು ಅರಿತು, ಆಡಿನ ಮಾಂಸದಿಂದ ಸಾರು ತಯಾರಿಸಿದರು. ಅದನ್ನು ಗಾಜಿನ ಪಾತ್ರೆಗಳಲ್ಲಿ ತುಂಬಿ ಮೇಲೆ ಕೆಲವು ಹನಿ ತುಪ್ಪ ಬಿಟ್ಟರು. ತೇಲುವ ತುಪ್ಪದ ಹನಿಗಳಿಗೆ ಅಂಟಿಕೊಂಡು ಪ್ಲೇಗಿನ ಸೂಕ್ಷ್ಮಾಣುಗಳು ಗವಿಯ ಛಾವಣಿಯಿಂದ ಇಳಿಬಿದ್ದ ಸುಣ್ಣದ ಕೋಡುಗಳಂತೆ ಕೆಳಕ್ಕೆ ಬೆಳೆಯುತ್ತಿದ್ದವು. ಆಗಾಗ ಪಾತ್ರೆಯನ್ನು ಅಲುಗಾಡಿಸಿದರೆ ಅವು ಉದುರಿ ತಳ ಸೇರುತ್ತಿದ್ದವು. ಮೇಲೆ ಹೊಸ ಬೆಳೆ ಬರುತ್ತಿತ್ತು. ಕೆಲವು ವಾರಗಳ ಈ ಬೇಸಾಯದ ಬಳಿಕ ಇಡೀ ದ್ರವವನ್ನು ಕಾಯಿಸಿ ಸೂಕ್ಷ್ಮಾಣುಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸುತ್ತಿದ್ದರು. ಸತ್ತ ಶತ್ರುವಿನ ಮೈಯನ್ನು ದೇಹಕ್ಕೆ ತೋರಿಸಿ, ಬದುಕಿದ ಶತ್ರು ಬಂದಾಗ ಗುರುತು ಹಿಡಿಯುವಂತೆ ಮಾಡುವುದು ಇದರ ತತ್ವ.

1897ರ ಜನವರಿ 10ರಂದು ಹಾಫ್ಕಿನ್ ಈ ಬಾರಿಯೂ ಮೊದಲ ಸೂಜಿಯನ್ನು ತಮಗೇ ಚುಚ್ಚಿಸಿಕೊಂಡರು; ಅದೂ ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಹೆಚ್ಚು. ಜ್ವರವೂ ನೋವೂ ಬಂದುಹೋದವು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಗೆ ಪ್ಲೇಗು ಹೊಕ್ಕಿತು. ಕೈದಿಗಳಲ್ಲಿ ಮುಂದೆ ಬಂದವರಿಗೆ, ಅಂದರೆ ಸುಮಾರು ಅರ್ಧದಷ್ಟು ಜನಕ್ಕೆ, ಲಸಿಕೆ ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ರೋಗ ಕಾಣಿಸಿಕೊಂಡದ್ದು ಹಾಕಿಸಿಕೊಳ್ಳದವರಿಗಿಂತ ತೀರ ಕಡಿಮೆ. ಸೆರೆಯಲ್ಲಿರುವವನು ‘ಒಪ್ಪಿದೆ’ ಎಂದರೆ ಅದು ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಇಂದಿನ ಕಾನೂನು ಕೇಳದೆ ಬಿಡದು. ಅಂದು ಯಾರೂ ಕೇಳಲಿಲ್ಲ.

ಇದಕ್ಕಿಂತ ಬಿಗಿಯಾದ ಸಾಕ್ಷ್ಯ ಸಿಕ್ಕಿದ್ದು 1898ರಲ್ಲಿ, ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ. ಪ್ಲೇಗು ಆಗಲೇ ಊರೊಳಗೆ ಬಂದು ಕೆಲವರನ್ನು ಕೊಂಡೊಯ್ದಿತ್ತು. ಹಾಫ್ಕಿನ್ ಮನೆಮನೆಯ ಜನರನ್ನು ಒಟ್ಟಿಗೆ ನಿಲ್ಲಿಸಿ, ಪ್ರತಿ ಕುಟುಂಬದಲ್ಲೂ ಹೆಚ್ಚುಕಡಿಮೆ ಅರ್ಧ ಮಂದಿಗೆ ಲಸಿಕೆ ಹಾಕಿ, ಅರ್ಧ ಮಂದಿಯನ್ನು ಬಿಟ್ಟರು. ಗಟ್ಟಿಮುಟ್ಟಾದವರಿಗೆ ಹಾಕಿ ಬಡಕಲು ಜನರನ್ನು ಬಿಟ್ಟರೆಂದು ಮುಂದೆ ಯಾರೂ ದೂರಬಾರದೆಂಬ ಎಚ್ಚರ ಅದು. 513 ಮಂದಿ ಲಸಿಕೆ ಪಡೆದರು, 437 ಮಂದಿ ಪಡೆಯಲಿಲ್ಲ. ಕೆಲವು ವಾರ ಕಳೆದು ಮರಳಿ ಬಂದು ಲೆಕ್ಕ ಹಾಕಿದಾಗ, ಪಡೆದವರಲ್ಲಿ 8 ಮಂದಿಗೆ ರೋಗ ತಗುಲಿ 3 ಮಂದಿ ಸತ್ತಿದ್ದರು. ಪಡೆಯದವರಲ್ಲಿ 27 ಮಂದಿಗೆ ತಗುಲಿ 26 ಮಂದಿ ಸತ್ತಿದ್ದರು. ಒಂದೇ ಮಾಡು, ಒಂದೇ ಒಲೆ, ಒಂದೇ ರಕ್ತ. ಆದರೂ ಇಷ್ಟು ಅಂತರ. ಲಸಿಕೆ ಕೆಲಸ ಮಾಡುತ್ತದೆಂಬುದಕ್ಕೆ ಇದಕ್ಕಿಂತ ಪ್ರಬಲ ಪುರಾವೆ ಆ ಕಾಲದಲ್ಲಿ ಇರಲಿಲ್ಲ. ಆ ಪುರಾವೆಗೆ ತೆತ್ತ ಬೆಲೆಯೂ ಅದೇ ಕೋಷ್ಟಕದಲ್ಲಿದೆ. ಆ 26 ಮಂದಿ ಹಾಫ್ಕಿನ್ನರಿಂದ ಸತ್ತವರಲ್ಲ, ರೋಗದಿಂದ ಸತ್ತವರು. ಆದರೆ ಅವರಲ್ಲಿ ಬಹಳ ಮಂದಿ ಬದುಕುವ ದಾರಿಯೊಂದು ಊರ ಚಾವಡಿಯವರೆಗೆ ಬಂದಿತ್ತು.

ಇಲಿ ಬಿದ್ದ ಊರುಗಳು

ಅಂದು ಧಾರವಾಡ, ಬೆಳಗಾವಿ, ವಿಜಾಪುರ, ಸೊಲ್ಲಾಪುರ ಎಲ್ಲವೂ ಒಂದೇ ಮುಂಬಯಿ ಇಲಾಖೆಯ ಜಿಲ್ಲೆಗಳು. ರೈಲು ಬಂದ ದಾರಿಯಲ್ಲೇ ಪ್ಲೇಗೂ ಬಂದಿತು. ಹತ್ತಿ ವ್ಯಾಪಾರದ ಹುಬ್ಬಳ್ಳಿಯಲ್ಲಿ 1898ರಲ್ಲಿ ಅದು ಭುಗಿಲೆದ್ದಾಗ, ಲ್ಯೂಮನ್ ಎಂಬ ಸೇನಾ ವೈದ್ಯರು ಹಾಫ್ಕಿನ್ನರ ಈ ಲಸಿಕೆಯನ್ನು ಊರಿಗೆ ಊರೇ ಹಾಕಿಸಿಕೊಳ್ಳುವಂತೆ ಮಾಡಿದರು. ಕೆಲವೇ ತಿಂಗಳಲ್ಲಿ ಪಟ್ಟಣದಲ್ಲಿ ಉಳಿದಿದ್ದ ಜನರಲ್ಲಿ ಬಹುಪಾಲು ಮಂದಿ ಚುಚ್ಚಿಸಿಕೊಂಡಿದ್ದರು. ಒಂದು ಇಡೀ ಪಟ್ಟಣ ಈ ಮಟ್ಟದಲ್ಲಿ ಲಸಿಕೆಗೆ ತೋಳೊಡ್ಡಿದ ಉದಾಹರಣೆ ಅಂದಿನ ಭಾರತದಲ್ಲಿ ವಿರಳ. ಹಾಫ್ಕಿನ್ ಲಂಡನ್ನಿನ ವಿಜ್ಞಾನಿಗಳ ಮುಂದೆ ಮಂಡಿಸಿದ ಲೆಕ್ಕಗಳಲ್ಲಿ ಹುಬ್ಬಳ್ಳಿಯ ಲೆಕ್ಕವೂ ಇತ್ತು.

ಎಲ್ಲ ಕಡೆಯೂ ಹೀಗಿರಲಿಲ್ಲ. 1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ನಾಲ್ಕೇ ಕಲಮುಗಳ ಪುಟ್ಟ ಕಾಯಿದೆ. 2020ರ ಕೊರೋನಾ ಕಾಲದಲ್ಲೂ ಇದನ್ನೇ ಕಡತದಿಂದ ಹೊರತೆಗೆಯಲಾಯಿತು. ಮನೆ ಶೋಧಿಸುವ, ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುವ, ಜನರನ್ನು ಪ್ರತ್ಯೇಕವಾಗಿರಿಸುವ ಅಧಿಕಾರವನ್ನು ಅದು ಅಧಿಕಾರಿಗಳಿಗೆ ಧಾರಾಳವಾಗಿ ಕೊಟ್ಟಿತು. ಅದರ ನಾಲ್ಕನೆಯ ಕಲಮಿನ ಪ್ರಕಾರ, ಸದುದ್ದೇಶದಿಂದ ಮಾಡಿದ ಯಾವ ಕೃತ್ಯಕ್ಕೂ ಯಾರ ಮೇಲೂ ದಾವೆ ಹೂಡುವಂತಿಲ್ಲ. ಪುಣೆಯಲ್ಲಿ ಸೈನಿಕರು ದೇವರಮನೆ, ಅಡುಗೆಮನೆ ಎನ್ನದೆ ನುಗ್ಗಿದ ಪರಿಣಾಮವಾಗಿ ಪ್ಲೇಗು ಅಧಿಕಾರಿ ರ‍್ಯಾಂಡ್ ಆ ಜೂನ್ 22ರಂದು ಚಾಪೇಕರ ಸಹೋದರರ ಗುಂಡಿಗೆ ಗುರಿಯಾದನು. ಇಷ್ಟು ಬೆದರಿದ ಜನ ಸರ್ಕಾರಿ ಸೂಜಿಯನ್ನು ನಂಬದೆ ಹೋದದ್ದರಲ್ಲಿ ಆಶ್ಚರ್ಯವೇನಿದೆ? ಮುಂಬಯಿಯಲ್ಲಿ ಇಪ್ಪತ್ತರ ಆಸುಪಾಸಿನ ತರುಣರಾಗಿದ್ದ ಮೂರನೆಯ ಆಗಾ ಖಾನ್ ಎಲ್ಲರೆದುರು ತಾವೇ ಚುಚ್ಚಿಸಿಕೊಂಡು ತೋರಿಸಿದ ಮೇಲೆ ಅವರ ಖೋಜಾ ಅನುಯಾಯಿಗಳು ಮುಂದೆ ಬಂದರು. ಕಾಯಿದೆಯ ಬಲದಿಂದ ಆಗದ ಕೆಲಸ ಮರ್ಯಾದಸ್ತರೊಬ್ಬರು ತೋಳು ಚಾಚಿದ್ದರಿಂದ ಆಯಿತು.

ಹಳ್ಳಿಯವರಿಗೆ ತಮ್ಮದೇ ಒಂದು ತಿಳಿವಳಿಕೆಯಿತ್ತು. ಜಂತೆಯಿಂದ ಇಲಿ ಬಿದ್ದು ಸತ್ತಿತೆಂದರೆ ಊರು ಬಿಡಬೇಕು. ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ‘ಇಲಿ ಬಿತ್ತು’ ಎಂಬ ಮಾತು ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ದೊಡ್ಡ ವೈದ್ಯರು ಮಾತ್ರ ಕೊಳಕು ನೆಲ, ಕೆಟ್ಟ ಗಾಳಿ, ರೋಗಿಯ ಸ್ಪರ್ಶ ಎಂದು ಹುಡುಕಾಡುತ್ತಲೇ ಇದ್ದರು. 1898ರ ಜೂನಿನಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು, ಪ್ಲೇಗು ತಗುಲಿ ಮೈತುಂಬ ಚಿಗಟಗಳಿದ್ದ ಇಲಿಯನ್ನು ಗಾಜಿನ ಪಾತ್ರೆಯ ತಳದಲ್ಲಿಟ್ಟು, ಅದಕ್ಕೆ ತಾಗದಂತೆ ಆರೋಗ್ಯವಂತ ಇಲಿಯೊಂದನ್ನು ಬೋನಿನಲ್ಲಿ ಮೇಲೆ ತೂಗಿಬಿಟ್ಟರು. ಕೆಳಗಿನದು ಸತ್ತ ಕೆಲವೇ ದಿನಗಳಲ್ಲಿ ಮೇಲಿನದೂ ಪ್ಲೇಗಿನಿಂದ ಸತ್ತಿತು. ನಡುವಿನ ಅಂತರವನ್ನು ದಾಟಬಲ್ಲುದು ಜಿಗಿಯುವ ಚಿಗಟವೊಂದೇ. ಅಂದಿನ ಪ್ಲೇಗು ಆಯೋಗ ಇದನ್ನು ಒಪ್ಪಲಿಲ್ಲ. ಗ್ಲೆನ್ ಲಿಸ್ಟನ್ ಎಂಬ ಅಧಿಕಾರಿ ಮುಂಬಯಿಯ ಪ್ಲೇಗಿನ ಮನೆಗಳಲ್ಲಿ ಗಿನಿಯಿಲಿಗಳನ್ನು ಬಿಟ್ಟು, ಇಲಿಗಳ ಚಿಗಟಗಳು ಅವುಗಳ ಮೈಗೆ ಹತ್ತುವುದನ್ನು ತೋರಿಸುವವರೆಗೆ, ಅಂದರೆ ಮುಂದಿನ ದಶಕದ ನಡುವಿನವರೆಗೆ, ಜನ ಬಲ್ಲ ಸತ್ಯಕ್ಕೆ ಶಾಸ್ತ್ರದ ಮುದ್ರೆ ಬೀಳಲಿಲ್ಲ.

ಮುಲ್ಕೋವಾಲದ ದಿನ

1899ರಲ್ಲಿ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರ್ ನಿವಾಸಕ್ಕೆ ಬಂದಿತು. ಬೇಡಿಕೆ ಏರುತ್ತಲೇ ಹೋಯಿತು. 1902ರಲ್ಲಿ ಪಂಜಾಬ್ ಸರ್ಕಾರ ಲಕ್ಷಗಟ್ಟಲೆ ಜನಕ್ಕೆ ಲಸಿಕೆ ಹಾಕುವ ಯೋಜನೆ ಹೂಡಿ, ಆವರೆಗೆ ಕಂಡರಿಯದ ಪ್ರಮಾಣವನ್ನು ಕೇಳಿತು. ವಾರಗಟ್ಟಲೆ ಸಾರಿನಲ್ಲಿ ಬೆಳೆಸುವ ಹಳೆಯ ಕ್ರಮಕ್ಕೆ ಅಷ್ಟು ವೇಗವಿರಲಿಲ್ಲ. ಹಾಫ್ಕಿನ್ ಗಟ್ಟಿ ಮಾಧ್ಯಮದ ಮೇಲೆ ಬೇಗ ಬೆಳೆಸುವ ಹೊಸ ಕ್ರಮ ತಂದರು. ಕಾರ್ಬಾಲಿಕ್ ಆಮ್ಲ ಬಿಟ್ಟು ಶಾಖವನ್ನೇ ನೆಚ್ಚಿದರು.

ಆ ಅಕ್ಟೋಬರ್ 30ರಂದು ಪಂಜಾಬಿನ ಗುಜರಾತ್ ಜಿಲ್ಲೆಯ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಮಂದಿ ಲಸಿಕೆ ಹಾಕಿಸಿಕೊಂಡರು. ಆ ದಿನ ತೆರೆದದ್ದು ಐದು ಸೀಸೆಗಳು. ಸುಮಾರು ಒಂದು ವಾರದ ಬಳಿಕ ಒಬ್ಬೊಬ್ಬರಾಗಿ ದವಡೆ ಕಚ್ಚಿಕೊಳ್ಳತೊಡಗಿತು, ಬೆನ್ನು ಬಿಲ್ಲಿನಂತೆ ಬಾಗಿತು. ಧನುರ್ವಾಯು. ಹತ್ತೊಂಬತ್ತು ಮಂದಿಗೆ ತಗುಲಿತು, ಹತ್ತೊಂಬತ್ತು ಮಂದಿಯೂ ಸತ್ತರು. ಪ್ಲೇಗಿಗೆ ಹೆದರಿ, ಅದು ಬರುವ ಮುನ್ನವೇ ರಕ್ಷಣೆ ಬೇಡಿ ಬಂದಿದ್ದ ಆರೋಗ್ಯವಂತರು ಅವರು.

ಯಾರಿಗೆ ಯಾವ ಸೀಸೆಯಿಂದ ಹಾಕಿದೆ ಎಂಬುದನ್ನು ಬರೆದಿಡುವ ಪದ್ಧತಿ ಇತ್ತು. ಆ ದಾಖಲೆ ನೋಡಿದಾಗ, ಸತ್ತ ಹತ್ತೊಂಬತ್ತೂ ಮಂದಿ ಒಂದೇ ಸೀಸೆಯವರೆಂದು ತಿಳಿಯಿತು. ಅದರ ಮೇಲಿನ ಗುರುತು 53-ಎನ್. ಉಳಿದ ನಾಲ್ಕು ಸೀಸೆಗಳಿಂದ ಹಾಕಿಸಿಕೊಂಡ 88 ಮಂದಿಯಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಲಸಿಕೆಯಲ್ಲೇ ವಿಷವಿದೆ ಎಂಬ ಮಾತಿಗೆ ಈ ಒಂದು ದಾಖಲೆಯೇ ಉತ್ತರವಾಗಿತ್ತು. ಹಾಗಾದರೆ ಧನುರ್ವಾಯುವಿನ ಬೀಜ ಆ ಒಂದು ಸೀಸೆಯೊಳಗೆ ಹೊಕ್ಕದ್ದು ಎಲ್ಲಿ? 41 ದಿನ ಮೊದಲು ಪರೇಲಿನಲ್ಲಿ ಅದನ್ನು ತುಂಬಿ ಮುಚ್ಚುವಾಗಲೋ, ಮುಲ್ಕೋವಾಲದಲ್ಲಿ ಅದರ ಬಿರಡೆ ತೆಗೆಯುವಾಗಲೋ? ಇಡೀ ಮೊಕದ್ದಮೆ ಇದೊಂದೇ ಪ್ರಶ್ನೆಯ ಮೇಲೆ ನಿಂತಿತ್ತು.

ಸರ್ಕಾರ ನೇಮಿಸಿದ ಮೂವರ ವಿಚಾರಣಾ ಆಯೋಗಕ್ಕೆ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್ ಅಧ್ಯಕ್ಷರು. ಇನ್ನಿಬ್ಬರು ಸೇನಾ ವೈದ್ಯರು. ಜೆಂಕಿನ್ಸ್ ಸಾಮಾನ್ಯರಲ್ಲ. ಮುಂದೆ ಕಲ್ಕತ್ತೆಯಲ್ಲಿ ಅಲೀಪುರ ಬಾಂಬ್ ಮೊಕದ್ದಮೆಯ ಮೇಲ್ಮನವಿ ಕೇಳಿ ಮರಣದಂಡನೆಗಳನ್ನು ತಗ್ಗಿಸಿದ ನ್ಯಾಯಾಧೀಶರು ಅವರೇ. ಆದರೂ ಈ ಪ್ರಕರಣದಲ್ಲಿ ಆಯೋಗ ಕೊಟ್ಟ ಅಭಿಪ್ರಾಯ, ಸೀಸೆ ತೆರೆಯುವ ಮೊದಲೇ, ಅಂದರೆ ಪರೇಲಿನಲ್ಲೇ, ಕಲುಷಿತವಾಗಿತ್ತು ಎಂದು. ಕಾರ್ಬಾಲಿಕ್ ಆಮ್ಲ ಬಿಟ್ಟದ್ದು ಹಾಫ್ಕಿನ್ನರಿಗೆ ಮುಳುವಾಯಿತು. ಕ್ರಮ ಬದಲಾಯಿತು, ಆಮೇಲೆ ಸಾವು ಸಂಭವಿಸಿತು. ಆದ್ದರಿಂದ ಬದಲಾವಣೆಯೇ ಕಾರಣ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ನಂಟು ಕಟ್ಟುವ ಈ ತರ್ಕ ಹಳ್ಳಿಯ ಕಟ್ಟೆಯ ಮೇಲೆ ಮಾತ್ರವಲ್ಲ, ಕೆಂಪು ದಾರ ಕಟ್ಟಿದ ಕಡತಗಳಲ್ಲೂ ನಡೆಯುತ್ತದೆ.

ಹಾಫ್ಕಿನ್ ಅಧಿಕಾರ ಕಳೆದುಕೊಂಡು ಇಂಗ್ಲೆಂಡಿಗೆ ಹೋದರು. ಸಾಂಕ್ರಾಮಿಕ ರೋಗಗಳ ಕಾಯಿದೆ ಮನೆಗಳಿಗೆ ನುಗ್ಗಿದವರಿಗೆ ಸದುದ್ದೇಶದ ರಕ್ಷಣೆ ಕೊಟ್ಟಿತ್ತು; ಲಸಿಕೆ ಮಾಡಿದವನ ನೆರವಿಗೆ ಅಂಥ ಯಾವ ಕಲಮೂ ಬರಲಿಲ್ಲ. ಫ್ರಾನ್ಸಿನಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯನ್ನು ಸುಳ್ಳು ಆಪಾದನೆಯ ಮೇಲೆ ಶಿಕ್ಷಿಸಿದ ಪ್ರಕರಣ ಅದೇ ಕಾಲದ್ದು. ಹಾಫ್ಕಿನ್ನರದು ‘ಪುಟ್ಟ ಡ್ರೈಫಸ್ ಪ್ರಕರಣ’ ಎಂದು ಹೆಸರಾದದ್ದು ಆ ಹೋಲಿಕೆಯಿಂದಲೇ. ಅವರ ಜಾತಿಮತ ಎಷ್ಟರಮಟ್ಟಿಗೆ ಕಾರಣವಾಯಿತೆಂದು ಅಳೆಯುವುದು ಕಷ್ಟ. ಆದರೆ ವೈದ್ಯನಲ್ಲದ, ಆಂಗ್ಲನಲ್ಲದ ಮನುಷ್ಯನ ಪರವಾಗಿ ಇಲಾಖೆಯೊಳಗಿಂದ ಗಟ್ಟಿ ದನಿ ಏಳಲಿಲ್ಲವೆಂಬುದು ನಿಜ.

ನೆಲಕ್ಕೆ ಬಿದ್ದ ಚಿಮುಟ

ಲಂಡನ್ನಿನ ಲಿಸ್ಟರ್ ಸಂಸ್ಥೆಯ ಅಭಿಪ್ರಾಯ ಕೇಳಿದಾಗ ಅದು ಆಯೋಗದ ನಿರ್ಣಯವನ್ನು ಎತ್ತಿಹಿಡಿಯಲಿಲ್ಲ. ಕೊನೆಗೆ ಕಡತಗಳು ಪ್ರಕಟವಾದಾಗ ಒಂದು ಚಿಕ್ಕ ಸಂಗತಿ ಎಲ್ಲರ ಕಣ್ಣಿಗೆ ಬಿತ್ತು. ಆ ದಿನ 53-ಎನ್ ಸೀಸೆಯನ್ನು ತೆರೆದ ಸಹಾಯಕನ ಕೈಯಿಂದ ಚಿಮುಟ ಜಾರಿ ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಉರಿಯಲ್ಲಿ ಕಾಯಿಸದೆ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ತೆಗೆದು, ಅದರಿಂದಲೇ ಬಿರಡೆ ಎಳೆದಿದ್ದನು. ಧನುರ್ವಾಯುವಿನ ಬೀಜ ಇರುವುದೇ ದನಕರು ಓಡಾಡುವ ನೆಲದ ಮಣ್ಣಿನಲ್ಲಿ. ಕಾರ್ಬಾಲಿಕ್ ನೀರಿನಲ್ಲಿ ಒಮ್ಮೆ ಅದ್ದಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ತನ್ನ ಕೈಯಿಂದ ಚಿಮುಟ ಬಿದ್ದದ್ದನ್ನು ಮುಚ್ಚಿಡದೆ ಹೇಳಿದ ಆ ಸಹಾಯಕನ ಪ್ರಾಮಾಣಿಕತೆಯನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವನು ಸುಮ್ಮನಿದ್ದಿದ್ದರೆ ಹಾಫ್ಕಿನ್ ದೋಷಿಯಾಗಿಯೇ ಉಳಿಯುತ್ತಿದ್ದರು.

ಚಿಮುಟವೊಂದೇ ಸಾಕ್ಷಿಯಲ್ಲ. ಧನುರ್ವಾಯುವಿನ ಸೂಕ್ಷ್ಮಾಣು ಗಾಳಿಯಿಲ್ಲದ ಕಡೆ ಬೆಳೆಯುವಂಥದು. ಬೆಳೆದಲ್ಲಿ ದುರ್ವಾಸನೆ ಹುಟ್ಟಿಸುತ್ತದೆ. ಅದು ಪರೇಲಿನಲ್ಲೇ ಸೀಸೆಯೊಳಗೆ ಸೇರಿದ್ದರೆ, ಮುಚ್ಚಿದ ಸೀಸೆಯಲ್ಲಿ 41 ದಿನ ಬೆಳೆದು ದ್ರವವನ್ನು ನಾರುವಂತೆ ಮಾಡಬೇಕಿತ್ತು. ತೆರೆದವರಿಗೆ ಅಂಥ ವಾಸನೆಯೇನೂ ತಿಳಿದುಬಂದಿರಲಿಲ್ಲ. ಎರಡನೆಯದಾಗಿ, 41 ದಿನಗಳಲ್ಲಿ ಸೀಸೆಯ ತುಂಬ ಸಿದ್ಧ ವಿಷವೇ ಸೇರಿರುತ್ತಿತ್ತು. ಅದನ್ನು ಚುಚ್ಚಿಸಿಕೊಂಡವರಲ್ಲಿ ರೋಗದ ಲಕ್ಷಣ ಬೇಗನೆ ಕಾಣಬೇಕಿತ್ತು. ಕಂಡದ್ದು ವಾರ ಕಳೆದ ಮೇಲೆ. ಬೀಜ ಮೈಯೊಳಗೆ ಹೊಕ್ಕು, ಮೊಳೆತು, ಅಲ್ಲಿಯೇ ವಿಷ ಹುಟ್ಟಿಸಲು ಬೇಕಾಗುವ ಅವಧಿ ಅದು. ಬೀಜ ಹೊಸದಾಗಿ ಬಿದ್ದದ್ದೆಂಬುದಕ್ಕೆ ಕಾಲವೇ ಸಾಕ್ಷಿ ಹೇಳುತ್ತಿತ್ತು. ಆಯೋಗದ ಮುಂದೆ ಬೇಕಾದ ಸಂಗತಿಗಳಿದ್ದವು. ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ಕೂಡಿಸುವ ತಾಳ್ಮೆ ಇರಲಿಲ್ಲ.

ಹಾಫ್ಕಿನ್ನರನ್ನು ಮೊದಲು ಕಲ್ಕತ್ತೆಗೆ ಬರಮಾಡಿಕೊಂಡಿದ್ದ, ಆ ನಗರದ ಮಾಜಿ ಆರೋಗ್ಯಾಧಿಕಾರಿ ವಿಲಿಯಂ ಸಿಂಪ್ಸನ್ ಲಂಡನ್ನಿನಲ್ಲಿ ಈ ವಾದವನ್ನು ಎತ್ತಿಕೊಂಡರು. ಮಲೇರಿಯಾ ಸೊಳ್ಳೆಯಿಂದ ಹರಡುವುದೆಂದು ತೋರಿಸಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಜೊತೆ ಸೇರಿದರು. ಹಿಂದೆ ಕಾಲರಾ ತಡೆಯಲೆಂದು ಬೆಂಗಳೂರಿನಲ್ಲೂ ದುಡಿದಿದ್ದ ರಾಸ್, ಇಲಾಖೆಯ ಒಳಹೊರಗನ್ನು ಬಲ್ಲವರು. ಅವರ ಆತಂಕ ಒಬ್ಬ ಗೆಳೆಯನ ಮಾನದ್ದಷ್ಟೇ ಆಗಿರಲಿಲ್ಲ. ವರ್ಷಕ್ಕೆ ಲಕ್ಷಾಂತರ ಜನ ಪ್ಲೇಗಿನಿಂದ ಸಾಯುತ್ತಿರುವಾಗ, ಲಸಿಕೆ ಪ್ರಯೋಗಶಾಲೆಯಿಂದಲೇ ವಿಷವಾಗಿ ಬಂದಿತ್ತೆಂಬ ಮಾತನ್ನು ಸರ್ಕಾರವೇ ಮೊಹರು ಹಾಕಿ ಬಿಟ್ಟರೆ, ಇನ್ನು ತೋಳೊಡ್ಡುವವರು ಯಾರು? 1907ರ ಜುಲೈ 29ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ರಾಸ್ ಸೇರಿದಂತೆ ಹತ್ತು ವಿಜ್ಞಾನಿಗಳು ಸಹಿ ಮಾಡಿದ ಪತ್ರ ಅಚ್ಚಾಯಿತು. ಆಪಾದನೆ ರುಜುವಾತಾಗಿಲ್ಲ, ಬದಲಿಗೆ ಸಾಕ್ಷ್ಯ ಅದಕ್ಕೆ ವಿರುದ್ಧವಾಗಿಯೇ ಇದೆ ಎಂಬುದು ಅದರ ಸಾರ. ಬ್ರಿಟಿಷ್ ಸಂಸತ್ತಿನಲ್ಲೂ ಪ್ರಶ್ನೆಗಳೆದ್ದವು. ಆ ವರ್ಷದ ಕೊನೆಗೆ ಸರ್ಕಾರ ಹಾಫ್ಕಿನ್ನರನ್ನು ದೋಷಮುಕ್ತಗೊಳಿಸಿ ಮತ್ತೆ ಕೆಲಸಕ್ಕೆ ಕರೆಯಿತು.

ಪತ್ರಿಕೆಗಳ ಅಂಕಣಗಳಲ್ಲೂ ಸಂಸತ್ತಿನಲ್ಲೂ ಚರ್ಚೆಯಾದದ್ದು ಒಬ್ಬ ವಿಜ್ಞಾನಿಯ ಗೌರವ, ಒಂದು ಇಲಾಖೆಯ ಮರ್ಯಾದೆ. ಮುಲ್ಕೋವಾಲದ ಹತ್ತೊಂಬತ್ತು ಮನೆಗಳ ದೃಷ್ಟಿಯಿಂದ ನೋಡಿದರೆ, ಬೀಜ ಬಿದ್ದದ್ದು ಪರೇಲಿನಲ್ಲೋ ತಮ್ಮೂರಿನಲ್ಲೋ ಎಂಬ ತೀರ್ಪಿನಿಂದ ಸತ್ತವರಾರೂ ತಿರುಗಿ ಬರುವಂತಿರಲಿಲ್ಲ. ಲಸಿಕೆಯಿಂದ ಹಾನಿಯಾದವರಿಗೆ ಪರಿಹಾರ ಕೊಡುವ ಹೊಣೆ ಯಾರದೆಂಬ ಪ್ರಶ್ನೆ ಕೊರೋನಾ ಲಸಿಕೆಯ ಕಾಲದಲ್ಲಿ ನಮ್ಮ ನ್ಯಾಯಾಲಯಗಳ ಮೆಟ್ಟಿಲು ಹತ್ತಿತು. ಪ್ರಶ್ನೆ ಹೊಸದಲ್ಲ. 1902ರಲ್ಲಿ ಅದನ್ನು ಕೇಳಬಲ್ಲವರು ಓದುಬರಹ ಬಾರದ ಹಳ್ಳಿಗರಾಗಿದ್ದರು, ಅಷ್ಟೇ.

ಹಾಫ್ಕಿನ್ ಮರಳಿದ್ದು ಪರೇಲಿಗಲ್ಲ, ಕಲ್ಕತ್ತೆಗೆ. ಅಲ್ಲಿನ ಪ್ರಯೋಗಶಾಲೆಯಲ್ಲಿ ಅವರದೇ ಪ್ಲೇಗು ಲಸಿಕೆಯನ್ನು ತಯಾರಿಸುವ ಏರ್ಪಾಡು ಇರಲಿಲ್ಲ. ದೋಷಮುಕ್ತಿ ಕೈಗೆ ಬಂದಿತು, ಕೆಲಸ ಬರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ನಿವೃತ್ತರಾಗಿ ಯೂರೋಪಿಗೆ ತೆರಳಿದರು. ಪ್ಲೇಗು ಮಾತ್ರ ನಿವೃತ್ತವಾಗಲಿಲ್ಲ. ಅದು ಇಳಿಮುಖವಾಗುವ ಹೊತ್ತಿಗೆ ಈ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತಿದ್ದರು. ಈಗ ಅದನ್ನು ಗುಣಪಡಿಸುವ ಔಷಧಗಳಿವೆ. 1994ರಲ್ಲಿ ಬೀಡ ಜಿಲ್ಲೆಯಲ್ಲೂ ಸೂರತ್ತಿನಲ್ಲೂ ಪ್ಲೇಗಿನ ಸುದ್ದಿ ಎದ್ದಾಗ ಜನ ರೈಲು ತುಂಬಿ ಓಡಿದ್ದನ್ನು ಬಲ್ಲವರಿಗೆ, ಆ ಹೆಸರಿನ ಭಯ ಎಷ್ಟು ಆಳವಾಗಿ ಕೂತಿತ್ತೆಂದು ಹೇಳಬೇಕಾಗಿಲ್ಲ.

1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಟ್ಟರು. 1897ರಿಂದ ಆ ವರ್ಷದವರೆಗೆ ಮುಂಬಯಿಯಿಂದ ಹೊರಟ ಪ್ಲೇಗು ಲಸಿಕೆಯ ಪ್ರಮಾಣ ಎರಡು ಕೋಟಿ ಅರವತ್ತು ಲಕ್ಷ ಮಂದಿಗೆ ಸಾಲುವಷ್ಟು. ಐದು ವರ್ಷಗಳ ಬಳಿಕ, 1930ರ ಅಕ್ಟೋಬರ್ 26ರಂದು, ಸ್ವಿಟ್ಜರ್ಲೆಂಡಿನ ಲೌಸಾನ್ ಪಟ್ಟಣದಲ್ಲಿ ಅವಿವಾಹಿತರಾದ ಹಾಫ್ಕಿನ್ ತೀರಿಕೊಂಡರು. 1964ರಲ್ಲಿ ಭಾರತ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಮುಲ್ಕೋವಾಲ ಆಗ ಗಡಿಯಾಚೆಯ ಪಾಕಿಸ್ತಾನದಲ್ಲಿತ್ತು.